ಕಾಣದ ನಾಣ್ಯಕ್ಕೆ ಕಾಯಕದ ಒರೆಗಲ್ಲು

ಧನವನ್ನು ನಿಂದಿಸಿ ಕಾಡಿಗೆ ಹೋಗೆಂದು ಶರಣಧರ್ಮವು ಯಾರಿಗೂ ಹೇಳಿದುದಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಆ ಧರ್ಮಕ್ಕೆ ಮುಂದಾಳಾಗಿ ನಿಂತ ಬಸವಣ್ಣನವರೇ ಬಿಜ್ಜಳನ ಭಂಡಾರವನ್ನು ನೋಡಿಕೊಂಡವರು. ಹೊನ್ನಿನ ತೂಕವನ್ನೂ ಲೆಕ್ಕದ ಕಡತವನ್ನೂ ಚೆನ್ನಾಗಿ ಬಲ್ಲವರು. ಭಂಡಾರದ ಹಣವನ್ನು ಜಂಗಮರಿಗೆ ಸವೆಸುತ್ತಿದ್ದಾರೆಂದು ಕೊಂಡೆಯರು ದೂರಿದಾಗ ಅವರು ಲೆಕ್ಕವನ್ನು ಎಲ್ಲರೆದುರು ಒಪ್ಪಿಸಿ ದೂರನ್ನು ಸುಳ್ಳು ಮಾಡಿದರೆಂದು ಪುರಾಣಗಳು ವರ್ಣಿಸುತ್ತವೆ. ಆದುದರಿಂದ ಹಣದ ವಿಷಯವನ್ನು ವಿಚಾರಿಸುವುದು ಭಕ್ತನಿಗೆ ಹೀನವಾದ ಕೆಲಸವೇನೂ ಅಲ್ಲ. ಹಣವು ಎಲ್ಲಿಂದ ಬಂದಿತು, ಹೇಗೆ ಬಂದಿತು, ಎಲ್ಲಿಗೆ ಹೋಗುವುದು ಎಂಬ ಮೂರು ಪ್ರಶ್ನೆಗಳನ್ನು ವಿಚಾರಿಸದಿರುವುದೇ ಹೀನ.

ಈಚಿನ ವರ್ಷಗಳಲ್ಲಿ ಗೃಹಸ್ಥರ ಮನೆಗಳಿಗೆ ಹೊಸದೊಂದು ಸಂಪತ್ತು ಕಾಲಿಟ್ಟಿದೆ. ಅದಕ್ಕೆ ಕ್ರಿಪ್ಟೋ ನಾಣ್ಯವೆಂದು ಹೆಸರು. ಅದು ಕೈಗೆ ಸಿಕ್ಕದು, ಪೆಟ್ಟಿಗೆಯಲ್ಲಿ ಇಡಲು ಬಾರದು, ಕಿವಿಗೆ ಝಣವೆನ್ನದು. ಮೊಬೈಲಿನ ಪರದೆಯ ಮೇಲೆ ಅಂಕಿಯಾಗಿ ಮಾತ್ರ ತೋರುವುದು. ಕಾವೇರಿಯ ದಡದ ಕುಶಾಲನಗರದಂಥ ಊರಿನಲ್ಲಿಯೂ ಕಾಫಿಯ ಧಾರಣೆಯನ್ನು ಕೇಳುವ ಬಾಯಲ್ಲೇ ಇದರ ಧಾರಣೆಯನ್ನೂ ಕೇಳುವ ತರುಣರಿದ್ದಾರೆ. ಕೆಲವರು ಇದನ್ನು ಕಲ್ಪವೃಕ್ಷವೆನ್ನುವರು, ಕೆಲವರು ಬರಿಯ ಜೂಜೆನ್ನುವರು. ಎರಡು ಮಾತೂ ಅವಸರದವು. ಒಂದೇ ಪೇಟೆಗೆ ಹೋಗುವ ದಾರಿಗಳು ಹಲವು. ದಾರಿ ಬೇರೆಯಾದಂತೆ ಫಲವೂ ಪಾಪವೂ ಬೇರೆಯಾಗುತ್ತವೆ. ಆ ದಾರಿಗಳನ್ನು ಒಂದೊಂದಾಗಿ ಕಾಯಕದ ಒರೆಗಲ್ಲಿಗೆ ತಿಕ್ಕಿ ನೋಡುವುದೇ ವಿವೇಕಿಗಳ ಕ್ರಮ.

ಮೊದಲು ವಸ್ತುವಿನ ಸ್ವರೂಪವನ್ನು ತಿಳಿಯಬೇಕು. 2008ರಲ್ಲಿ ಸತೋಶಿ ನಕಮೊಟೊ ಎಂಬ ಮರೆಹೆಸರಿನ ವ್ಯಕ್ತಿಯೊಬ್ಬನು, ಅಥವಾ ಒಂದು ಗುಂಪು, ಬಿಟ್‌ಕಾಯಿನ್ ಎಂಬ ನಾಣ್ಯದ ಕ್ರಮವನ್ನು ಬರೆದು ಪ್ರಕಟಿಸಿತು. 2009ರ ಜನವರಿಯಲ್ಲಿ ಅದು ಆಚರಣೆಗೆ ಬಂದಿತು. ಅದಕ್ಕೆ ಅರಸನಿಲ್ಲ, ಟಂಕಸಾಲೆಯಿಲ್ಲ. ಯಾರಿಂದ ಯಾರಿಗೆ ಎಷ್ಟು ಸಂದಿತೆಂಬ ಲೆಕ್ಕದ ಪುಸ್ತಕವೊಂದು ಲೋಕದ ಸಹಸ್ರಾರು ಗಣಕಯಂತ್ರಗಳಲ್ಲಿ ಏಕಕಾಲಕ್ಕೆ ಬರೆಯಲ್ಪಡುತ್ತದೆ. ಒಬ್ಬನು ಗುಟ್ಟಾಗಿ ತಿದ್ದಿದರೆ ಉಳಿದವರ ಪುಸ್ತಕಗಳು ಅದನ್ನು ಸುಳ್ಳೆನ್ನುತ್ತವೆ. ಒಟ್ಟು ನಾಣ್ಯಗಳು 2 ಕೋಟಿ 10 ಲಕ್ಷವನ್ನು ಮೀರವೆಂದು ಅದರ ಕಟ್ಟಳೆ. ಈ ಲೆಕ್ಕದ ಉಪಾಯವು ಜಾಣತನದ್ದೆಂಬುದರಲ್ಲಿ ಸಂಶಯವಿಲ್ಲ. ಅದರ ಬೆನ್ನ ಹಿಂದೆಯೇ ಸಾವಿರಾರು ಬೇರೆ ನಾಣ್ಯಗಳು ಹುಟ್ಟಿದವು. ಅವುಗಳಲ್ಲಿ ಎಷ್ಟೋ ಹುಟ್ಟಿದ ವರ್ಷವೇ ಸತ್ತವು.

ನಮ್ಮ ದೇಶದ ಕಾನೂನು ಇದನ್ನು ಹಣವೆಂದು ಒಪ್ಪಿಲ್ಲ, ಬಹಿಷ್ಕರಿಸಿಯೂ ಇಲ್ಲ. 2018ರ ಏಪ್ರಿಲಿನಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರಕ್ಕೆ ಬ್ಯಾಂಕುಗಳು ನೆರವಾಗಕೂಡದೆಂದು ಸುತ್ತೋಲೆ ಹೊರಡಿಸಿತು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯವು ಆ ಸುತ್ತೋಲೆಯನ್ನು ರದ್ದುಪಡಿಸಿತು. 2022ರ ಏಪ್ರಿಲ್ 1ರಿಂದ ಇದರ ಲಾಭದ ಮೇಲೆ ಶೇಕಡಾ 30ರ ತೆರಿಗೆಯೂ, ಅದೇ ವರ್ಷದ ಜುಲೈ 1ರಿಂದ ಮಾರಾಟದ ಮೊತ್ತದಲ್ಲಿ ಶೇಕಡಾ 1ರ ಮೂಲಕಡಿತವೂ ಬಂದವು. ಒಂದು ನಾಣ್ಯದ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದರಲ್ಲಿ 10,000 ರೂಪಾಯಿ ಗಳಿಸಿ ಇನ್ನೊಂದರಲ್ಲಿ 10,000 ಕಳೆದುಕೊಂಡವನ ಗಂಟು ಇದ್ದಷ್ಟೇ ಇದ್ದರೂ ಅವನು 3,000 ರೂಪಾಯಿ ತೆರಿಗೆ ತೆರಬೇಕು. ಈ ಒಂದು ಲೆಕ್ಕವನ್ನು ತಿಳಿಯದೆ ಪೇಟೆಗೆ ಇಳಿದವರು ಹಲವರು.

ಇನ್ನು ಒಂದು ದೃಷ್ಟಾಂತವನ್ನು ತೆಗೆದುಕೊಳ್ಳಬಹುದು. ಕುಶಾಲನಗರದಲ್ಲಿ ಒಂದು ಭಕ್ತ ಕುಟುಂಬ. ತಂದೆಗೆ ದಿನಸಿಯ ಅಂಗಡಿ, ಊರಾಚೆ ಮೂರು ಎಕರೆ ರೋಬಸ್ಟಾ ತೋಟ. ಹಿರಿಯ ಮಗನು ಬೆಂಗಳೂರಿನಲ್ಲಿ ಉದ್ಯೋಗಸ್ಥ. ಕಿರಿಯನು ಅಂಗಡಿಯಲ್ಲಿ ತಂದೆಗೆ ನೆರವಾಗಿರುವವನು. ಕೊನೆಯವಳು ಮಗಳು, ಕಾಲೇಜಿಗೆ ಸೇರಬೇಕಾದವಳು. ಒಬ್ಬ ಚಿಕ್ಕಪ್ಪನೂ ಅದೇ ಮನೆಯಲ್ಲಿದ್ದನು, ನೌಕರಿಯಿಂದ ನಿವೃತ್ತನಾದವನು. ಈ ಒಂದೇ ಮನೆಯಿಂದ ಮೂವರು ಮೂರು ದಾರಿಯಲ್ಲಿ ಆ ಪೇಟೆಗೆ ಹೋದರು.

ಹಿರಿಯ ಮಗನು ತನ್ನ ಸಂಬಳದಲ್ಲಿ ಮನೆಯ ಖರ್ಚು, ತಂದೆಗೆ ಕಳುಹಿಸುವುದು, ಉಳಿತಾಯ ಎಲ್ಲವೂ ಮುಗಿದ ಮೇಲೆ ಮಿಕ್ಕುದರಲ್ಲಿ ತಿಂಗಳಿಗೆ ಒಂದು ಸಾವಿರ ರೂಪಾಯಿಗೆ ಬಿಟ್‌ಕಾಯಿನ್ನಿನ ತುಣುಕನ್ನು ಕೊಳ್ಳುತ್ತಿದ್ದನು. ಧಾರಣೆ ಏರಿದಾಗ ತುಣುಕು ಕಿರಿದು, ಇಳಿದಾಗ ಹಿರಿದು. ಹೋದರೆ ಹೋಯಿತೆಂದು ಮೊದಲೇ ಹೆಂಡತಿಗೆ ಹೇಳಿ, ಅವಳ ಸಮ್ಮತಿಯಿಂದಲೇ ಮಾಡುತ್ತಿದ್ದನು. ದಿನವೂ ಧಾರಣೆ ನೋಡುವ ಅಭ್ಯಾಸ ಅವನಿಗಿರಲಿಲ್ಲ.

ಕಿರಿಯನು 2021ರ ಶ್ರಾವಣದಲ್ಲಿ ಸ್ವಲ್ಪ ಹಣದಿಂದ ಆರಂಭಿಸಿದನು. ಆ ವರ್ಷದ ದೀಪಾವಳಿಯ ಹೊತ್ತಿಗೆ ಬಿಟ್‌ಕಾಯಿನ್ನಿನ ಬೆಲೆ ಏರುತ್ತ ಏರುತ್ತ ನವೆಂಬರಿನಲ್ಲಿ 69,000 ಡಾಲರನ್ನು ಮುಟ್ಟಿತು. ಹುಡುಗನು ಗೆದ್ದನು. ಗೆದ್ದುದರಲ್ಲಿ ಒಂದು ಪಾಲನ್ನು ಮಠದ ದಾಸೋಹಕ್ಕೆ ಒಪ್ಪಿಸಿದನು. ತಂದೆ ತಾಯಿಗಳು ಹಿಗ್ಗಿದರು. ಆಗ ಅವನಿಗೆ ಅಂಗಡಿಯ ತಕ್ಕಡಿ ಹಗುರಾಗಿ ಕಂಡಿತು. ಹತ್ತು ಪಾಲು ಸಾಲದ ಬಲದಿಂದ ವ್ಯಾಪಾರ ಮಾಡುವ ವಿಧಾನವನ್ನು ಕಲಿತನು. ತಾಯಿಯ ಬಳೆಗಳನ್ನು ಬೀರುವಿನಿಂದ ತೆಗೆದು, ಅವಳಿಗೆ ತಿಳಿಸದೆ ಅಡವಿಟ್ಟನು. 2022ರ ಮೇ ತಿಂಗಳಲ್ಲಿ ಪೇಟೆ ಕುಸಿಯಿತು. ಒಂದು ರಾತ್ರಿಯಲ್ಲಿ ಅವನ ಖಾತೆ ಸೊನ್ನೆಯಾಯಿತು. ಜೂನಿನಲ್ಲಿ ತಂಗಿಯ ಕಾಲೇಜಿನ ಶುಲ್ಕಕ್ಕಾಗಿ ತಾಯಿ ಬಳೆಗಳನ್ನು ಹುಡುಕಿದಾಗ ಬೀರು ಬರಿದಾಗಿತ್ತು.

ಚಿಕ್ಕಪ್ಪನದು ಮೂರನೆಯ ದಾರಿ. ಯಾವುದೋ ಹೊಸ ನಾಣ್ಯದ ಯೋಜನೆಗೆ ಸೇರಿದರೆ ತಿಂಗಳಿಗೆ ಇಷ್ಟೆಂದು ಖಂಡಿತವಾದ ಲಾಭ, ಇನ್ನಿಬ್ಬರನ್ನು ಸೇರಿಸಿದರೆ ಮತ್ತೂ ಇಷ್ಟೆಂದು ಯಾರೋ ಹೇಳಿದ್ದನ್ನು ನಂಬಿ, ತನ್ನ ನಿವೃತ್ತಿಯ ಹಣವನ್ನೂ ಹಾಕಿ, ಬಳಗದ ನಾಲ್ಕು ಮನೆಯವರನ್ನೂ ಸೇರಿಸಿದನು. ಕೆಲವು ತಿಂಗಳು ಹಣ ಬಂದಿತು. ಅನಂತರ ಹೇಳಿದವನ ಮೊಬೈಲೂ ಇಲ್ಲ, ನಾಣ್ಯವೂ ಇಲ್ಲ.

ಈ ಮೂವರನ್ನೂ ಒಂದೇ ಕೋಲಿನಿಂದ ಅಳೆಯುವುದು ನ್ಯಾಯವಲ್ಲ. ಆದರೆ ಮೂವರಿಗೂ ಒಂದೇ ಪ್ರಶ್ನೆಯನ್ನು ಕೇಳಬಹುದು. ಆ ಪ್ರಶ್ನೆಯನ್ನು ಆ ಮನೆಯ ತಾಯಿಯೇ ಕೇಳಿದಳು. ಬೀರು ಬರಿದಾದ ದಿನ ತಂದೆ ಕೋಪದಿಂದ ಮಾತು ಬಿಟ್ಟು ಕುಳಿತಿದ್ದನು. ಮಗನು ತಲೆ ತಗ್ಗಿಸಿ, "ಅವ್ವಾ, ಇನ್ನೊಂದು ವಾರ ಧಾರಣೆ ನಿಂತಿದ್ದರೆ ಬಳೆಯೂ ಬರುತ್ತಿತ್ತು, ತಂಗಿಯ ಫೀಜಿಗೆ ಎರಡರಷ್ಟು ದುಡ್ಡೂ ಬರುತ್ತಿತ್ತು" ಎಂದನು. ತಾಯಿ ಬಳೆಯ ಮಾತನ್ನೇ ಎತ್ತಲಿಲ್ಲ. "ಬರುತ್ತಿತ್ತು ಅಂತೀಯಲ್ಲ ಮಗಾ, ಅದು ಯಾರ ಮನೆಯಿಂದ ಬರುತ್ತಿತ್ತು?" ಎಂದು ಮಾತ್ರ ಕೇಳಿದಳು. ಮಗನಲ್ಲಿ ಉತ್ತರವಿರಲಿಲ್ಲ.

ಶರಣರ ಕಾಲದಲ್ಲಿಯೂ ಒಬ್ಬ ಗೃಹಿಣಿ ಇಂಥದೇ ಪ್ರಶ್ನೆಯನ್ನು ಕೇಳಿದ್ದಳು. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನು ಹಿಗ್ಗಲಿಲ್ಲ, ಎಂದಿನ ಅಳತೆಯನ್ನು ಮೀರಿದ್ದೇಕೆಂದು ಕೇಳಿ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಗಂಡನನ್ನು ಕಳುಹಿಸಿದಳು. ಅಕ್ಕಿಯಲ್ಲಿ ದೋಷವಿರಲಿಲ್ಲ, ಕದ್ದುದೂ ಆಗಿರಲಿಲ್ಲ. ಆದರೂ ತಮ್ಮ ದುಡಿಮೆಯ ಅಳತೆಗೆ ಮೀರಿದುದು ಮನೆಗೆ ಬಂದರೆ ಅದರೊಡನೆ ಆಸೆಯೂ ಬರುವುದೆಂದು ಅವಳು ಕಂಡಳು. ಗಂಡನು ತಂದ ಗಂಟನ್ನು ಹೆಂಡತಿ ಬಿಚ್ಚಿ ನೋಡಿ ಕೇಳುವ ಅಧಿಕಾರವು ಶರಣರ ಮನೆಗಳಲ್ಲಿತ್ತು. ಆ ಅಧಿಕಾರವಿಲ್ಲದ ಮನೆಯಲ್ಲಿ ಬಳೆ ಅಡವಿಗೆ ಹೋದರೂ ತಿಳಿಯುವುದಿಲ್ಲ.

ಯಾರ ಮನೆಯಿಂದ ಬರುತ್ತಿತ್ತು ಎಂಬ ಪ್ರಶ್ನೆಗೆ ಉತ್ತರವನ್ನು ನಿಧಾನವಾಗಿ ಹುಡುಕಬೇಕು. ಕಾಫಿಯ ಧಾರಣೆಯೂ ಏರಿಳಿಯುವುದಲ್ಲವೇ? ಕೊಡಗಿನ ಬೆಳೆಗಾರನು ಅದನ್ನು ಚೆನ್ನಾಗಿ ಬಲ್ಲನು. ಕಾಫಿ ಮಂಡಳಿಯು ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿದ್ದ ಪದ್ಧತಿ 1996ರಲ್ಲಿ ಮುಗಿದ ಮೇಲೆ, ಲಂಡನ್ನಿನ ರೋಬಸ್ಟಾ ಧಾರಣೆ ಬೆಳೆಗಾರನ ಕಣಕ್ಕೇ ಬಂದು ನಿಂತಿತು. 2000ದ ಆಚೀಚೆಯ ವರ್ಷಗಳಲ್ಲಿ ಅದು ಕುಸಿದು ಅನೇಕ ತೋಟಗಳು ಸಾಲಕ್ಕೆ ಸಿಕ್ಕಿದವು. 2024ರಲ್ಲಿ ಅದೇ ರೋಬಸ್ಟಾ ಹಿಂದೆಂದೂ ಕಾಣದ ಎತ್ತರಕ್ಕೆ ಏರಿತು. ಆದರೂ ಅಲ್ಲಿ ಹಣದ ಬುಡದಲ್ಲಿ ಒಂದು ಗಿಡವಿದೆ. ಹೂಮಳೆಗೆ ಕಾದದ್ದು, ಕಸಿ ತೆಗೆದದ್ದು, ಹಣ್ಣು ಕೊಯ್ದದ್ದು, ಕಣದಲ್ಲಿ ಒಣಗಿಸಿದ್ದು ಎಲ್ಲವೂ ಇದೆ. ಧಾರಣೆ ಎಷ್ಟೇ ಇರಲಿ, ಕೊನೆಗೆ ಎಲ್ಲಿಯೋ ಒಬ್ಬನು ಅದನ್ನು ಕುಡಿದು ಸುಖಪಡುತ್ತಾನೆ. ಬೆಳೆದವನಿಗೂ ಬಂದಿತು, ಕೊಂಡವನಿಗೂ ಬಂದಿತು.

ಬಿಟ್‌ಕಾಯಿನ್ ಫಲ ಬಿಡುವುದಿಲ್ಲ. ಬಾಡಿಗೆಯನ್ನಾಗಲಿ ಬೆಳೆಯನ್ನಾಗಲಿ ಕೊಡುವುದಿಲ್ಲ. ಇಂದು ಕೊಂಡವನಿಗೆ ಲಾಭವಾಗಬೇಕಾದರೆ ನಾಳೆ ಇನ್ನೊಬ್ಬನು ಹೆಚ್ಚಿನ ಬೆಲೆಗೆ ಕೊಳ್ಳಬೇಕು. ಎಂದರೆ ಲಾಭವು ಮುಂದೆ ಬರುವವನ ಜೇಬಿನಿಂದಲೇ ಬರತಕ್ಕದ್ದು. ಬಂಗಾರವೂ ಹಾಗೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಯುಕ್ತವಾದುದೇ. ಪೆಟ್ಟಿಗೆಯಲ್ಲಿಟ್ಟ ಚಿನ್ನವೂ ಮರಿ ಹಾಕದು. ಆದರೆ ಚಿನ್ನವು ಸಾವಿರಾರು ವರ್ಷ ಕೊರಳಲ್ಲಿ ನಿಂತ ವಸ್ತು. ಅದನ್ನು ಕೊಂಡವನು ಕಾಯಕ ಮಾಡಿದೆನೆಂದು ಎಂದೂ ಹೇಳಿಕೊಂಡಿಲ್ಲ, ಕಾಯಕದಲ್ಲಿ ಮಿಕ್ಕುದನ್ನು ಮಡಗಿದೆನೆಂದು ಮಾತ್ರ ಹೇಳಿದನು. ಕ್ರಿಪ್ಟೋ ನಾಣ್ಯವನ್ನು ಕೊಳ್ಳುವವನೂ ಅಷ್ಟನ್ನೇ ಹೇಳಿದರೆ ವಿವಾದವಿಲ್ಲ. ಇದನ್ನೇ ನನ್ನ ಕಾಯಕವೆಂದು ಹೇಳಹೊರಟಾಗ ವಿವಾದ ಹುಟ್ಟುವುದು.

ಈ ಒರೆಗಲ್ಲಿಗೆ ಮೊದಲು ಹಿರಿಯ ಮಗನ ದಾರಿಯನ್ನು ತಿಕ್ಕೋಣ. ಮಿಕ್ಕುದರಲ್ಲಿ ಸ್ವಲ್ಪವನ್ನು, ಸಾಲವಿಲ್ಲದೆ, ಮನೆಯವರ ತಿಳಿವಳಿಕೆಯಿಂದ, ನಿಯಮಿತವಾಗಿ ಕೊಂಡು ಇಟ್ಟುಕೊಳ್ಳುವುದು. ಇಲ್ಲಿ ಸಂಸಾರಕ್ಕೆ ಹಾನಿಯಿಲ್ಲ. ತಿಂಗಳಿಗೊಮ್ಮೆ ಕೊಳ್ಳುವುದರಿಂದ ತುದಿಯ ಧಾರಣೆಗೇ ಎಲ್ಲವನ್ನೂ ಸುರಿಯುವ ಮೌಢ್ಯವೂ ತಪ್ಪುವುದು. 2017ರ ಡಿಸೆಂಬರಿನಲ್ಲಿ ಸುಮಾರು 20,000 ಡಾಲರಿಗೆ ಏರಿದ್ದ ಬಿಟ್‌ಕಾಯಿನ್ ಮರುವರ್ಷ 4,000ಕ್ಕೂ ಕೆಳಗಿಳಿಯಿತು. 2021ರ 69,000ದಿಂದ 2022ರ ನವೆಂಬರಿನಲ್ಲಿ 16,000ದ ಹತ್ತಿರಕ್ಕೆ ಬಿದ್ದಿತು. 2024ರ ಡಿಸೆಂಬರಿನಲ್ಲಿ 1 ಲಕ್ಷ ಡಾಲರನ್ನು ದಾಟಿತು. ಕಾದವನು ಗೆದ್ದನೆಂದು ಈ ಅಂಕಿಗಳು ಹೇಳುವಂತೆ ತೋರುತ್ತದೆ. ಆದರೆ ಕಾಯಲು ಶಕ್ತನಾದವನು ಯಾರು? ಆ ಹಣದ ಅಗತ್ಯ ಎಂದೂ ಬೀಳದವನು ಮಾತ್ರ. ನಾಲ್ಕರಲ್ಲಿ ಮೂರು ಪಾಲು ಕರಗಿದಾಗ ಉಳಿದುದು ಮೊದಲಿನಂತಾಗಲು ನಾಲ್ಕರಷ್ಟು ಬೆಳೆಯಬೇಕು. ಅಷ್ಟು ವರ್ಷ ಹಸಿವೂ ರೋಗವೂ ಮದುವೆಯೂ ಕಾಯುವುದಿಲ್ಲ.

ಕುಶಾಲನಗರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದವು, ಕಾವೇರಿ ಉಕ್ಕಿ ಊರಿನ ತಗ್ಗಿನ ಬಡಾವಣೆಗಳಿಗೆ ನುಗ್ಗಿತು. 2019ರ ಆಗಸ್ಟಿನಲ್ಲಿ ಮತ್ತೆ ನುಗ್ಗಿತು. ಮನೆ ಬಿಟ್ಟು ಹೊರಟವರಿಗೆ ಆ ದಿನವೇ ಕೈಯಲ್ಲಿ ಕಾಸು ಬೇಕಾಗಿತ್ತು. ಹಿಂದಿನ ಡಿಸೆಂಬರಿನಲ್ಲಿ ತುದಿಯ ಬೆಲೆಗೆ ಬಿಟ್‌ಕಾಯಿನ್ ಕೊಂಡು ಅದನ್ನೇ ಆಪದ್ಧನವೆಂದು ನಂಬಿದವನೊಬ್ಬನು ಇದ್ದಿದ್ದರೆ, ಆ ಆಗಸ್ಟಿನಲ್ಲಿ ಅವನ ಕೈಗೆ ಹಾಕಿದುದರ ಮೂರನೆಯ ಒಂದು ಪಾಲು ಬರುತ್ತಿತ್ತು. ಆಪದ್ಧನವು ಬ್ಯಾಂಕಿನಲ್ಲಿರಬೇಕು, ಅಂಚೆ ಕಚೇರಿಯಲ್ಲಿರಬೇಕು, ಕೈಗೆಟುಕುವಂತಿರಬೇಕು. ಬ್ಯಾಂಕಿನ ಠೇವಣಿಗೆ 5 ಲಕ್ಷ ರೂಪಾಯಿಯವರೆಗೆ ವಿಮೆಯ ಆಶ್ರಯವಿದೆ. ಈ ನಾಣ್ಯಗಳಿಗೆ ಅಂಥ ಆಶ್ರಯವಿಲ್ಲ.

ಕೊಂಡು ಇಟ್ಟುಕೊಳ್ಳುವವನು ಮತ್ತೊಂದನ್ನು ತಿಳಿದಿರಬೇಕು. ಪೆಟ್ಟಿಗೆಯ ಬೀಗದ ಕೈ ಯಾರಲ್ಲಿದೆ? ವಿನಿಮಯ ಕೇಂದ್ರದಲ್ಲಿ ಬಿಟ್ಟರೆ ಕೈ ಅವರಲ್ಲಿದೆ. 2022ರ ನವೆಂಬರಿನಲ್ಲಿ ಎಫ್‌ಟಿಎಕ್ಸ್ ಎಂಬ ದೊಡ್ಡ ಕೇಂದ್ರವು ಕೆಲವೇ ದಿನಗಳಲ್ಲಿ ದಿವಾಳಿಯಾಯಿತು. 2024ರ ಜುಲೈ 18ರಂದು ಭಾರತದ ವಜೀರ್‌ಎಕ್ಸ್ ಕೇಂದ್ರದಿಂದ ಸುಮಾರು 2,000 ಕೋಟಿ ರೂಪಾಯಿ ಬೆಲೆಯ ನಾಣ್ಯಗಳು ಕಳವಾಗಿ, ಗ್ರಾಹಕರ ನಾಣ್ಯಗಳು ಒಂದು ವರ್ಷಕ್ಕೂ ಹೆಚ್ಚು ಕಾಲ ತಡೆಹಿಡಿಯಲ್ಪಟ್ಟವು. ತನ್ನಲ್ಲಿಯೇ ಇಟ್ಟುಕೊಂಡರೆ ಹನ್ನೆರಡೋ ಇಪ್ಪತ್ತನಾಲ್ಕೋ ಗುಪ್ತಪದಗಳೇ ಬೀಗದ ಕೈ. ಅವು ಕಳೆದರೆ ಸಂಪತ್ತು ಹೋಯಿತು, ಯಾವ ಕಚೇರಿಗೆ ಅರ್ಜಿ ಕೊಟ್ಟರೂ ಬಾರದು. ಹೆಂಡತಿ ಮಕ್ಕಳಿಗೆ ತಿಳಿಸದೆ ಇಟ್ಟವನು ಸತ್ತರೆ ಅವನೊಡನೆಯೇ ಅದೂ ಸಮಾಧಿಯಾಗುವುದು.

ಇದು ಇಂದಿನ ಕಷ್ಟವಷ್ಟೇ ಅಲ್ಲ. ಕೊಡಗನ್ನಾಳಿದ ಹಾಲೇರಿ ಅರಸರು ವೀರಶೈವರು. ಆ ವಂಶದವರು ಈಸ್ಟ್ ಇಂಡಿಯಾ ಕಂಪನಿಯ ಸಾಲಪತ್ರಗಳಲ್ಲಿ ದೊಡ್ಡ ಮೊತ್ತವನ್ನು ತೊಡಗಿಸಿದ್ದರು. 1834ರಲ್ಲಿ ಕಂಪನಿಯವರೇ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿದರು. ಅವನು 1852ರಲ್ಲಿ ಇಂಗ್ಲೆಂಡಿಗೆ ಹೋಗಿ ಆ ಹಣಕ್ಕಾಗಿ ನ್ಯಾಯಾಲಯದ ಬಾಗಿಲು ತಟ್ಟಿದನು. ಅದು ಕೈಗೆ ಬಾರದೆಯೇ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಕಾಗದದ ಮೇಲಿನ ಹಣವು ಕಾಗದವನ್ನು ಹಿಡಿದವನ ಮರ್ಜಿಗೆ ಒಳಗಾದುದೆಂಬ ಪಾಠವನ್ನು ಅರಸನೇ ಕಲಿಯಬೇಕಾಯಿತು. ಪರದೆಯ ಮೇಲಿನ ಅಂಕಿಯನ್ನು ನಂಬುವ ಗೃಹಸ್ಥನಿಗೆ ಈ ಪಾಠ ನೆನಪಿರಲಿ.

ಇನ್ನು ಕಿರಿಯ ಮಗನ ದಾರಿ. ದಿನವಹಿ ಕೊಂಡು ಮಾರುವುದು, ಅದೂ ಸಾಲದ ಬಲದಿಂದ. ತನ್ನ 1,000 ರೂಪಾಯಿಯ ಮೇಲೆ 10,000 ರೂಪಾಯಿಯ ವ್ಯಾಪಾರ ಹೂಡಿದರೆ, ಧಾರಣೆ ಶೇಕಡಾ 10 ಏರಿದಾಗ ಹಣ ಇಮ್ಮಡಿಸುವುದು ನಿಜ. ಶೇಕಡಾ 10 ಇಳಿದರೆ ಮೂಲವೇ ಹೋಗುವುದೂ ಅಷ್ಟೇ ನಿಜ. ಈ ಪೇಟೆಯಲ್ಲಿ ಒಂದೇ ದಿನದಲ್ಲಿ ಅಷ್ಟು ಏರಿಳಿಯುವುದು ಅಪರೂಪವಲ್ಲ. ಆ ಬಳಿಕ ಧಾರಣೆ ಮತ್ತೆ ಏರಿದರೂ ಹೊರಹಾಕಲ್ಪಟ್ಟವನಿಗೆ ಪ್ರಯೋಜನವಿಲ್ಲ. ಇಂಥ ಪಣದಲ್ಲಿ ಒಬ್ಬನು ಗೆದ್ದಷ್ಟನ್ನು ಇನ್ನೊಬ್ಬನು ಸೋಲಲೇಬೇಕು. ನಡುವೆ ಆಡಿಸುವ ಕೇಂದ್ರಕ್ಕೆ ಇಬ್ಬರಿಂದಲೂ ದಳ್ಳಾಳಿ ಸಲ್ಲುವುದು. ತಾಯಿಯ ಪ್ರಶ್ನೆಗೆ ಉತ್ತರ ಇಲ್ಲಿ ಸ್ಪಷ್ಟವಾಗಿದೆ. ಮಗನ ಗೆಲುವು ಕಾಣದೂರಿನ ಇನ್ನೊಬ್ಬ ತಾಯಿಯ ಬೀರುವಿನಿಂದ ಬರುತ್ತಿತ್ತು.

ತನು ಮನ ಧನಗಳನ್ನು ಗುರು ಲಿಂಗ ಜಂಗಮಕ್ಕೆ ಒಪ್ಪಿಸಬೇಕೆಂದು ಶರಣಮಾರ್ಗವು ವಿಧಿಸುತ್ತದೆ. ಈ ಪೇಟೆಯೂ ಆ ಮೂರನ್ನೇ ಕೇಳುವುದು ವಿಚಾರಣೀಯವಾದುದು. ಮೊದಲು ಅದು ಧನವನ್ನು ಕೇಳುತ್ತದೆ. ಧನವನ್ನು ಕೊಟ್ಟವನ ಮನವು ತಾನಾಗಿಯೇ ಅಲ್ಲಿಗೆ ಹರಿಯುತ್ತದೆ. ತಕ್ಕಡಿಯ ಮುಂದೆ ಕುಳಿತವನ ಕಣ್ಣು ಮೊಬೈಲಿನ ಮೇಲೆ, ಲಿಂಗಪೂಜೆಗೆ ಕುಳಿತವನ ಕಿವಿ ಮೊಬೈಲಿನ ಸದ್ದಿನ ಮೇಲೆ. ಆ ಪೇಟೆಗೆ ಭಾನುವಾರದ ಬಿಡುವಿಲ್ಲ, ರಾತ್ರಿಯ ಮುಚ್ಚುಗಡೆಯಿಲ್ಲ. ಆದುದರಿಂದ ಕೊನೆಗೆ ತನುವಿನ ನಿದ್ರೆಯನ್ನೂ ಕೇಳುತ್ತದೆ. ಕರಸ್ಥಲದಲ್ಲಿ ಇಷ್ಟಲಿಂಗವಿರಬೇಕಾದ ಹೊತ್ತಿನಲ್ಲಿ ಅಂಗೈಯಲ್ಲಿ ಮಿನುಗುವ ಅಂಕಿಯಿದ್ದರೆ, ಪೂಜೆ ಯಾವುದಕ್ಕೆ ನಡೆಯುತ್ತಿದೆ ಎಂಬುದನ್ನು ಬೇರೆಯವರು ಹೇಳಬೇಕಾಗಿಲ್ಲ.

ಇವಲ್ಲದೆ ಬಡ್ಡಿಯ ದಾರಿಯೊಂದಿದೆ. ನಾಣ್ಯವನ್ನು ಒಪ್ಪಿಸಿದರೆ ಹೆಚ್ಚಿನ ಬಡ್ಡಿ ಕೊಡುವೆವೆನ್ನುವವರು ಹಲವರು. ಡಾಲರಿಗೆ ಸರಿಸಮವಾಗಿ ನಿಲ್ಲುವುದೆಂದು ಸಾರಿದ ಟೆರಾ ಎಂಬ ನಾಣ್ಯಕ್ಕೆ ವರ್ಷಕ್ಕೆ ಶೇಕಡಾ 20ರ ಹತ್ತಿರದ ಬಡ್ಡಿಯನ್ನು ತೋರಿಸಲಾಗಿತ್ತು. 2022ರ ಮೇ ತಿಂಗಳಲ್ಲಿ ಕೆಲವೇ ದಿನಗಳೊಳಗೆ ಅದು ತನ್ನ ಜೊತೆಯ ಲೂನಾ ನಾಣ್ಯದೊಡನೆ ನಾಶವಾಯಿತು. ಬಡ್ಡಿ ಎಲ್ಲಿಂದ ಹುಟ್ಟುವುದೆಂದು ಹೇಳಲಾರದವನ ಬಳಿ ಹಣವಿಡಲಾಗದು. ಗಣಕಯಂತ್ರಗಳಿಂದ ಲೆಕ್ಕವನ್ನು ಸರಿನೋಡಿ ಹೊಸ ನಾಣ್ಯ ಪಡೆಯುವ 'ಗಣಿಗಾರಿಕೆ'ಯಲ್ಲಿ ಏನೋ ಒಂದು ಕೆಲಸವುಂಟು, ಕಾಯಕದ ಛಾಯೆಯುಂಟು. ಆದರೆ ಮೊದಲು 50 ನಾಣ್ಯವಾಗಿದ್ದ ಅದರ ಪ್ರತಿಫಲವು ಸುಮಾರು ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರಲ್ಲಿ 3.125ಕ್ಕೆ ಇಳಿದಿದೆ, ಕೋಟಿಗಟ್ಟಲೆ ಬಂಡವಾಳದ ಯಂತ್ರಶಾಲೆಗಳ ಎದುರು ಮನೆಯ ಯಂತ್ರಕ್ಕೆ ಉಳಿಯುವುದು ವಿದ್ಯುತ್ತಿನ ಬಿಲ್ಲು ಮಾತ್ರ.

ಚಿಕ್ಕಪ್ಪನ ದಾರಿ ಎಲ್ಲಕ್ಕಿಂತ ಕೆಟ್ಟದ್ದು. ಅವನು ದುಷ್ಟನಲ್ಲ, ಮೋಸಹೋದವನು. ಆದರೂ ತಾನು ಮೋಸಹೋಗುವ ಮೊದಲು ನಾಲ್ಕು ಮನೆಗಳನ್ನು ಕೈಹಿಡಿದು ಕರೆತಂದಿದ್ದನು. ಹೊಸಬರ ಹಣವನ್ನು ಹಳಬರಿಗೆ ಕೊಡುವ ಸರಪಳಿ ನಾಣ್ಯದ ಹೆಸರಿನಲ್ಲಿ ಬಂದರೂ ಚೀಟಿಯ ಹೆಸರಿನಲ್ಲಿ ಬಂದರೂ ಒಂದೇ. ಒಂದೇ ಸಮಾಜದವರೆಂಬ, ಒಂದೇ ಮಠದ ಭಕ್ತರೆಂಬ ವಿಶ್ವಾಸವನ್ನೇ ಅದು ಮೇಯುತ್ತದೆ. ಶರಣಸಂಗದ ನಂಬಿಕೆಯನ್ನು ದಳ್ಳಾಳಿಗೆ ಮಾರುವುದು ಹಣದ ನಷ್ಟಕ್ಕಿಂತ ದೊಡ್ಡ ನಷ್ಟ. ಹಣ ಮರಳಿ ಬಂದೀತು, ಆ ನಾಲ್ಕು ಮನೆಗಳವರು ಅವನ ಮನೆಯ ಹಬ್ಬಕ್ಕೆ ಮರಳಿ ಬರುವುದು ಕಷ್ಟ.

ಒಂದು ಸೂಕ್ಷ್ಮವಾದ ಪ್ರಶ್ನೆ ಉಳಿದಿದೆ. ಕಿರಿಯ ಮಗನು ದೀಪಾವಳಿಯಲ್ಲಿ ದಾಸೋಹಕ್ಕೆ ಒಪ್ಪಿಸಿದ ಹಣದ ಗತಿಯೇನು? ಪಣದಲ್ಲಿ ಗೆದ್ದು ದಾನ ಮಾಡಿದರೆ ಪಣ ಶುದ್ಧವಾಗುವುದೆಂದು ಹಲವರ ಎಣಿಕೆ. ಶರಣರ ಎಣಿಕೆ ಬೇರೆ. ದಾಸೋಹವು ಕಾಯಕದ ಮಗು. ತಾಯಿಯಿಲ್ಲದೆ ಮಗು ಹುಟ್ಟುವುದಿಲ್ಲ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ ಜಂಗಮಕ್ಕೆ ನೀಡಿದ ನುಲಿಯ ಚಂದಯ್ಯನ ಒಂದು ಹಿಡಿ ಅನ್ನವು ಪ್ರಸಾದವಾದುದು ಅದರ ಹಿಂದಿನ ದುಡಿಮೆಯಿಂದ. ಇನ್ನೊಬ್ಬನ ನಷ್ಟವನ್ನು ಲಿಂಗಕ್ಕೆ ಅರ್ಪಿಸಲು ಬರುವುದಿಲ್ಲ. ಅದು ಕೊನೆಯವರೆಗೂ ಅನರ್ಪಿತವೇ. ಈ ಮಾತು ಕೊಡುವವನಿಗೆ ಮಾತ್ರ ಸಲ್ಲುವುದಲ್ಲ. ಸ್ವೀಕರಿಸುವ ಮಠಗಳೂ ಸಂಘಗಳೂ ದೊಡ್ಡ ಕಾಣಿಕೆಯನ್ನು ಕಂಡಾಗ ಅದರ ಮೂಲವನ್ನು ಲಕ್ಕಮ್ಮನಂತೆ ಕೇಳಬೇಕು. ಕೇಳದೆ ಹಾರ ಹಾಕಿ ಸನ್ಮಾನಿಸಿದರೆ, ಮುಂದಿನ ವರ್ಷ ಹತ್ತು ಮಂದಿ ತರುಣರು ಅದೇ ದಾರಿಯನ್ನು ಹಿಡಿಯುವರು. ಆ ಪಾಪದಲ್ಲಿ ಹಾರ ಹಾಕಿದವರಿಗೂ ಪಾಲಿದೆ.

ಹೀಗಿರಲಾಗಿ ಗೃಹಸ್ಥನು ಅನುಸರಿಸತಕ್ಕ ಕ್ರಮವನ್ನು ಸಂಗ್ರಹಿಸಬಹುದು. ಸಾಲ ಮಾಡಿ, ಒಡವೆ ಅಡವಿಟ್ಟು ಆ ಪೇಟೆಗೆ ಹೋಗತಕ್ಕದ್ದಲ್ಲ. ಅಂಗಡಿಯ ಮೂಲಧನ, ತೋಟದ ಗೊಬ್ಬರದ ಹಣ, ಆಳುಗಳ ಕೂಲಿ, ಮಕ್ಕಳ ವಿದ್ಯೆಯ ಹಣ, ಆಪದ್ಧನ ಇವುಗಳನ್ನು ಮುಟ್ಟತಕ್ಕದ್ದಲ್ಲ. ಇವೆಲ್ಲವೂ ದಾಸೋಹದ ಪಾಲೂ ಸಂದ ಮೇಲೆ ಮಿಕ್ಕುದರಲ್ಲಿ, ಪೂರ್ತಿ ಹೋದರೂ ಮನೆಯ ಒಲೆ ಎಂದಿನಂತೆ ಉರಿಯುವಷ್ಟನ್ನು ಕೊಂಡು ಇಡಬಯಸುವವನು, ಸತಿಪತಿಗಳು ಇಬ್ಬರೂ ತಿಳಿದು ಇಡಬಹುದು. ಅದರ ಲೆಕ್ಕವನ್ನು ಬರೆದಿಡಬೇಕು, ಸರ್ಕಾರಕ್ಕೆ ಸಲ್ಲತಕ್ಕ ತೆರಿಗೆಯನ್ನು ಸಲ್ಲಿಸಬೇಕು. ಖಂಡಿತ ಲಾಭವೆಂದು ಹೇಳುವವನನ್ನು ನಂಬಬಾರದು. ತಾನೂ ಇನ್ನೊಬ್ಬನಿಗೆ ಹಾಗೆ ಹೇಳಬಾರದು. ಇದಾವುದನ್ನೂ ಮಾಡದೆ ಆ ಪೇಟೆಯ ಕಡೆಗೆ ತಲೆ ಹಾಕದಿರುವವನು ಹಿಂದುಳಿದವನೆಂದು ಯಾರೂ ಹೀಯಾಳಿಸಬೇಕಾಗಿಲ್ಲ.

ಆ ಮನೆಯ ಕಥೆಯ ಕೊನೆಯನ್ನು ಹೇಳಿ ಮುಗಿಸಬಹುದು. ಹಿರಿಯ ಮಗನು ಊರಿಗೆ ಬಂದು ತನ್ನ ಉಳಿತಾಯದಿಂದ ತಂಗಿಯ ಶುಲ್ಕವನ್ನು ಕಟ್ಟಿದನು. ತಂದೆ ಮೂರು ದಿನದ ಮೇಲೆ ಮಾತಾಡಿದನು: "ಮಗಾ, ಹೋದ ದುಡ್ಡನ್ನು ಅದೇ ದಾರಿಯಲ್ಲಿ ತರೋಕೆ ಹೋಗಬೇಡ. ಬೆಳಿಗ್ಗೆ ಆರಕ್ಕೆ ಅಂಗಡಿ ಬಾಗಿಲು ತೆಗಿ." ಹುಡುಗನು ತೆಗೆದನು. ತಿಂಗಳಿಗಿಷ್ಟೆಂದು ಅಡವಿನ ಸಾಲ ತೀರುತ್ತ ಬಂದು ಎರಡು ವರ್ಷದ ಮೇಲೆ ಬಳೆಗಳು ಬಿಡುಗಡೆಯಾದವು. ಆ ಎರಡು ವರ್ಷವೂ ಅವನು ದಾಸೋಹಕ್ಕೆ ಹಣವನ್ನು ಕೊಡಲಿಲ್ಲ, ಕೊಡುವಷ್ಟು ಇರಲೂ ಇಲ್ಲ. ಸೋಮವಾರಗಳಂದು ಮಠಕ್ಕೆ ಹೋಗಿ ಪಂಕ್ತಿಯಲ್ಲಿ ಬಡಿಸಿ, ಎಲೆ ಎತ್ತಿ, ಪಾತ್ರೆ ತೊಳೆದು ಬರುತ್ತಿದ್ದನು. ಮೊದಲಿನ ದೀಪಾವಳಿಯ ಕಾಣಿಕೆಗಿಂತ ಇದು ಕಿರಿದಾಗಿ ಕಂಡೀತು. ಆದರೆ ಇದು ಯಾರ ಮನೆಯಿಂದ ಬಂದಿತೆಂದು ತಾಯಿ ಕೇಳಿದರೆ ಈಗ ಅವನಲ್ಲಿ ಉತ್ತರವಿದೆ.